ಹದಿನೆಂಟು ಮೆಟ್ಟಿಲು ಹತ್ತುವಾಗ ನೀನು ಎಲ್ಲಿದ್ದೆ?

ಈ ಸಲ ಕನ್ನಿಸ್ವಾಮಿಗಳು ಜಾಸ್ತಿ ಇದ್ದಾರೆ, ಹಾಗಾಗಿ ವ್ರತದ ನಿಯಮಗಳ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಆದರೆ ಅದನ್ನು ನಿಮ್ಮ ಗುರುಸ್ವಾಮಿಗಳು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಒಬ್ಬ ಕನ್ನಿಸ್ವಾಮಿ ನನ್ನನ್ನು ಕೇಳಿದ ಪ್ರಶ್ನೆಯ ಬಗ್ಗೆ ಬರೆಯುತ್ತೇನೆ.

ಮೂರು ವರ್ಷದ ಹಿಂದೆ, ದರ್ಶನ ಮುಗಿಸಿ ಬೆಟ್ಟ ಇಳಿದು ಪಂಪೆಯ ಹತ್ತಿರ ಕೂತಿದ್ದೆವು. ನಮ್ಮ ತಂಡದ ಹುಡುಗ, ಮೊದಲ ಸಲ ಬಂದವನು, ಕೇಳಿದ: "ಸ್ವಾಮಿ, ನನಗೆ ಮೆಟ್ಟಿಲು ಹತ್ತಿದ್ದೇ ಗೊತ್ತಾಗಲಿಲ್ಲ. ನಿಮಗೆ ಹೇಗಿತ್ತು?" ಅದು ನನ್ನ ಐದನೇ ಯಾತ್ರೆ. ಏನಾದರೂ ದೊಡ್ಡ ಮಾತು ಹೇಳಬೇಕೆಂದು ಬಾಯಿ ತೆರೆದೆ, ಏನೂ ಬರಲಿಲ್ಲ. ಐದು ಸಲ ಹತ್ತಿದ್ದೇನೆ. ಒಂದು ಮೆಟ್ಟಿಲೂ ನೆನಪಿಲ್ಲ.

ನೆಪ ಇದೆ. ಅಲ್ಲಿ ಜನ ಒತ್ತುತ್ತಿರುತ್ತಾರೆ, ಪೊಲೀಸ್ ಸ್ವಾಮಿಗಳು ತೋಳು ಹಿಡಿದು ಮೇಲೆ ಎತ್ತಿಬಿಡುತ್ತಾರೆ, ಪಂಚಲೋಹ ಹೊದಿಸಿದ ಆ ಹದಿನೆಂಟು ಮೆಟ್ಟಿಲು ಕೆಲವೇ ಸೆಕೆಂಡಿನಲ್ಲಿ ಮುಗಿದುಹೋಗುತ್ತವೆ. ಇದೆಲ್ಲ ನಿಜ. ಆದರೆ ಆ ಸೆಕೆಂಡುಗಳಲ್ಲಿ ನನ್ನ ತಲೆಯಲ್ಲಿ ಏನಿತ್ತು ಎಂಬುದು ನನಗೆ ಚೆನ್ನಾಗಿ ನೆನಪಿದೆ. ವಾಪಸ್ ಟಿಕೆಟ್ ಆರ್‌ಎಸಿಯಲ್ಲಿತ್ತು, ಕನ್ಫರ್ಮ್ ಆಗಿದೆಯೋ ಇಲ್ಲವೋ ಎಂಬ ಯೋಚನೆ. ನಲವತ್ತೊಂದು ದಿನ ತಣ್ಣೀರು ಸ್ನಾನ, ನೆಲದ ಮೇಲೆ ಮಲಗುವುದು, ಬೆಟ್ಟ ಪೂರ್ತಿ ಬರಿಗಾಲು. ಕೊನೆಗೆ ತಲೆಯ ಮೇಲೆ ಇರುಮುಡಿ, ತಲೆಯೊಳಗೆ ರೈಲ್ವೆ ಟಿಕೆಟ್.

ಇದನ್ನು ನಗುತ್ತಾ ಹೇಳಬಹುದು. ಅದೇ ವರ್ಷ ನಡೆದ ಇನ್ನೊಂದನ್ನು ನಗುತ್ತಾ ಹೇಳಲು ಆಗುವುದಿಲ್ಲ.

ನಾನು ಭಿವಂಡಿಯ ಒಂದು ಗೋದಾಮಿನಲ್ಲಿ ಚಲನ್ ಬರೆಯುವ ಕೆಲಸ ಮಾಡುತ್ತೇನೆ. ಗಾಡಿಗೆ ಎಷ್ಟು ಬಾಕ್ಸ್ ಲೋಡ್ ಆಯಿತು ಎಂದು ಡ್ರೈವರ್ ಹೇಳುತ್ತಾನೆ, ನಾನು ಕಂಪ್ಯೂಟರಿಗೆ ಹಾಕಿ ಪ್ರಿಂಟ್ ಕೊಡುತ್ತೇನೆ. ದಿನಕ್ಕೆ ಎಷ್ಟೋ ಗಾಡಿ, ಮನಸ್ಸು ಬೇಕಾಗದ ಕೆಲಸ ಎಂದು ನನ್ನ ಲೆಕ್ಕ. ಆ ವರ್ಷ ಒಂದು ಸಂಕಲ್ಪ ಮಾಡಿದ್ದೆ: ಕೈ ಕೆಲಸ ಮಾಡಲಿ, ಮನಸ್ಸು ಶರಣು ಕೂಗುತ್ತಿರಲಿ. ಒಂದು ಸಂಜೆ ನಾಸಿಕ್‌ಗೆ ಹೊರಟ ಟೆಂಪೋದವನು ಹದಿನಾರು ಎಂದ. ನಾನು ಅರವತ್ತೊಂದು ಒತ್ತಿದೆ. ನಾಸಿಕ್‌ನಲ್ಲಿ ನಲವತ್ತೈದು ಬಾಕ್ಸ್ ಕಡಿಮೆ ಎಂದು ಗಾಡಿ ತಡೆದರು. ಕದ್ದಿದ್ದಾನೆ ಎಂದೇ ಅವರ ಅನುಮಾನ. ಡಿಸೆಂಬರ್ ಚಳಿಯಲ್ಲಿ ರಾತ್ರಿಯೆಲ್ಲ ಅವರ ಗೇಟಿನ ಹೊರಗೆ ಕೂತಿದ್ದ. ಮರುದಿನ ನಾನು ತಪ್ಪು ಒಪ್ಪಿಕೊಂಡು ಮೇಲ್ ಕಳಿಸಿದ ಮೇಲೆ ಬಿಟ್ಟರು. ಮುಂದಿನ ಟ್ರಿಪ್ ಹೋಯಿತು, ಗಾಡಿ ಮಾಲೀಕ ಒಂದು ದಿನದ ಕೂಲಿಯನ್ನೂ ಹಿಡಿದ.

ವಾಪಸ್ ಬಂದಾಗ ಬೈಯುತ್ತಾನೆ ಎಂದು ಕಾದಿದ್ದೆ. ಅವನು ಹಿಂದಿಯಲ್ಲಿ ಮೆತ್ತಗೆ ಹೇಳಿದ: "ಕಾಗದದಲ್ಲಿ ಅರವತ್ತೊಂದು ನೋಡಿದೆ ಸ್ವಾಮೀಜಿ. ಆದರೆ ನಿಮ್ಮ ಜಪ ನಡೆದಿತ್ತು. ನಡುವೆ ಮಾತಾಡಿದರೆ ಪಾಪ ಅಂತ ಸುಮ್ಮನಾದೆ. ಉಳಿದದ್ದು ಬೇರೆ ಗಾಡಿಯಲ್ಲಿ ಬರಬಹುದು ಅಂದುಕೊಂಡೆ."

ಕೂಲಿ ದುಡ್ಡು ಕೊಡಲು ಹೋದರೆ ಮಾಲೆ ಹಾಕಿದವರ ಹತ್ತಿರ ತೆಗೆದುಕೊಳ್ಳುವುದಿಲ್ಲ ಎಂದ. ಮಾಲೆ ಇಳಿಸಿದ ಮೇಲೆ ಕೊಟ್ಟೆ, ತೆಗೆದುಕೊಂಡ.

ಆಗಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕೆಲಸ ಮಾಡುವಾಗ ದೇವರನ್ನು ನೆನೆಯುವುದು ಭಕ್ತಿಯೋ, ಅಥವಾ ಎದುರಿಗಿರುವವನಿಗೆ ಮಾಡುವ ಮೋಸವೋ?

ದೊಡ್ಡವರು ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. ಗೀತೆಯ ಎಂಟನೇ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ಎಲ್ಲ ಕಾಲದಲ್ಲೂ ನನ್ನನ್ನು ನೆನೆ, ಯುದ್ಧವನ್ನೂ ಮಾಡು ಎನ್ನುತ್ತಾನೆ. ಎರಡೂ ಒಟ್ಟಿಗೆ. ನಮ್ಮ ಆಯ್ದಕ್ಕಿ ಮಾರಯ್ಯ ಇದಕ್ಕೆ ಉಲ್ಟಾ. ಕಾಯಕದಲ್ಲಿ ತೊಡಗಿರುವಾಗ ಗುರು ಬಂದರೂ ಲಿಂಗಪೂಜೆಯ ಹೊತ್ತಾದರೂ ಮರೆತುಬಿಡಬೇಕು ಎಂಬುದು ಅವನ ವಚನದ ಮಾತು. ಇವೆರಡೂ ಒಂದೇ ಎಂದು ಸಮಾಧಾನ ಹೇಳುವವರು ಇದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಲೋಕಲ್ ಟ್ರೇನಿನಲ್ಲಿ ನೇತಾಡುತ್ತಾ ಹೋಗುವಾಗ, ಪಾತ್ರೆ ತೊಳೆಯುವಾಗ ಕೃಷ್ಣನ ಮಾತು ನಡೆಯುತ್ತದೆ. ಚಲನ್ ಬರೆಯುವಾಗ ನಾನು ಮಾರಯ್ಯನ ಕಡೆ. ಯಾಕೆಂದರೆ ಅಲ್ಲಿ ಇನ್ನೊಬ್ಬನ ಅನ್ನ ನನ್ನ ಬೆರಳಿನ ತುದಿಯಲ್ಲಿರುತ್ತದೆ.

ಮಾರಯ್ಯನ ಹೆಂಡತಿ ಲಕ್ಕಮ್ಮನ ಕಥೆ ನಮ್ಮಜ್ಜ ಹೇಳುತ್ತಿದ್ದರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ದಂಪತಿ. ಒಂದು ದಿನ ಮಾರಯ್ಯ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ನೋಡಿದ ಕೂಡಲೇ, ಇದು ನಮ್ಮದಲ್ಲ, ಹಿಂದಕ್ಕೆ ಸುರಿದು ಬಾ ಎಂದಳು. ಇದನ್ನು ಆಸೆ ಬೇಡ ಎಂಬ ಪಾಠವಾಗಿ ಕೇಳಿದ್ದೆ. ಈಗ ಬೇರೆಯದೂ ಕಾಣುತ್ತದೆ. ನಿನ್ನೆ ಎಷ್ಟಿತ್ತು, ಇವತ್ತು ಎಷ್ಟಿದೆ ಎಂದು ಅವಳಿಗೆ ಗೊತ್ತಿತ್ತು. ಮನಸ್ಸು ಬೇರೆಲ್ಲೋ ಇದ್ದಿದ್ದರೆ ಹೆಚ್ಚಾದದ್ದು ಕಣ್ಣಿಗೇ ಬೀಳುತ್ತಿರಲಿಲ್ಲ, ಸುಮ್ಮನೆ ಅನ್ನವಾಗುತ್ತಿತ್ತು.

ಇನ್ನೊಂದು ಮಾತು. ನಿಜ ಹೇಳಬೇಕೆಂದರೆ ಆ ಸಂಜೆ ನಾನು ಅಯ್ಯಪ್ಪನನ್ನೂ ನೆನೆಯುತ್ತಿರಲಿಲ್ಲ. ನಾಲಿಗೆ ನಡೆಯುತ್ತಿತ್ತು ಅಷ್ಟೆ. ಸನ್ನಿಧಾನದಲ್ಲಿ ಎದುರಿಗೇ ಬರೆದಿರುವ ತತ್ವಮಸಿ ಛಾಂದೋಗ್ಯ ಉಪನಿಷತ್ತಿನ ಮಾತು. ಅಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಅದನ್ನು ಬರೀ ಬಾಯಿಪಾಠ ಮಾಡಿಸುವುದಿಲ್ಲ. ಆಲದ ಹಣ್ಣು ತರಿಸುತ್ತಾನೆ, ಒಡೆಸುತ್ತಾನೆ, ಒಳಗಿನ ಬೀಜವನ್ನೂ ಒಡೆಸಿ ಏನು ಕಾಣುತ್ತದೆ ಎನ್ನುತ್ತಾನೆ. ನೀರಿಗೆ ಉಪ್ಪು ಹಾಕಿಸಿ, ಮರುದಿನ ಮೇಲಿನಿಂದ, ನಡುವಿನಿಂದ, ತಳದಿಂದ ಕುಡಿದು ನೋಡು ಎನ್ನುತ್ತಾನೆ. ಹನ್ನೆರಡು ವರ್ಷ ವೇದ ಓದಿ ಗರ್ವದಿಂದ ಬಂದ ಹುಡುಗನಿಗೆ ಉಪ್ಪುನೀರಿನ ಪಾಠ!

ಹೈದರಾಬಾದ್‌ನ ನಮ್ಮ ಸಾಫ್ಟ್‌ವೇರ್ ಸ್ವಾಮಿಯೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ಒಪ್ಪಲಿಲ್ಲ. "ನಮ್ಮ ಆಫೀಸಿನಲ್ಲೂ ಇದೇ ಹೇಳಿ ಧ್ಯಾನದ ಕ್ಲಾಸ್ ಇಡುತ್ತಾರೆ ಸ್ವಾಮಿ. ಮನಸ್ಸು ಇಲ್ಲೇ ಇರಲಿ ಅಂತಾರೆ, ಯಾಕೆಂದರೆ ಕೆಲಸ ಜಾಸ್ತಿ ಆಗಲಿ ಅಂತ. ಮನಸ್ಸು ಅಲೆದಾಡುವುದೊಂದೇ ನಮಗೆ ಉಳಿದಿರುವ ಬಿಡುವು." ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ರಾತ್ರಿ ಹನ್ನೊಂದಕ್ಕೆ ಬರುವ ಮೆಸೇಜಿಗೆ ಹಾಜರಿರುವುದನ್ನು ನಾನಂತೂ ಹಾಜರಿ ಎನ್ನುವುದಿಲ್ಲ. ಆ ಹೊತ್ತಿಗೆ ಎದುರಿಗೆ ಊಟದ ತಟ್ಟೆ ಇರುತ್ತದೆ, ಅಥವಾ ಊರಿನಿಂದ ಅವ್ವನ ಫೋನು. ಅವ್ವ ಮಾತಾಡುವಾಗ ನಾನು ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್ ನೋಡುತ್ತಿದ್ದರೆ ಅವಳಿಗೆ ಎರಡೇ "ಹ್ಞೂಂ"ನಲ್ಲಿ ಗೊತ್ತಾಗುತ್ತದೆ. "ಇರಲಿ ಬಿಡಪ್ಪಾ, ಕೆಲಸ ಇರತೈತಿ" ಎಂದು ಇಟ್ಟುಬಿಡುತ್ತಾಳೆ. ಅವಳೂ ಆ ಡ್ರೈವರ್ ಥರಾನೇ.

ಕನ್ನಿಸ್ವಾಮಿಗಳು ಇರುಮುಡಿ ಕಟ್ಟುವ ದಿನ ಒಂದು ಗಮನಿಸಿ. ತೆಂಗಿನಕಾಯಿಯ ಕಣ್ಣು ಚಿಕ್ಕದು. ಅವಸರದಲ್ಲಿ ತುಪ್ಪ ಸುರಿದರೆ ಒಳಗಿನ ಗಾಳಿ ಗುಳ್ಳೆಯಾಗಿ ಮೇಲೆ ಬಂದು ತುಪ್ಪ ಹೊರಗೆ ಉಕ್ಕುತ್ತದೆ. ಸ್ವಲ್ಪ ಸುರಿದು, ಗುಳ್ಳೆ ಒಡೆಯುವವರೆಗೆ ಕಾದು, ಮತ್ತೆ ಸುರಿಯಬೇಕು. ಆಗ ನಿಮ್ಮ ಕಣ್ಣು ಮೊಬೈಲಿನ ಮೇಲಿರಲು ಸಾಧ್ಯವೇ ಇಲ್ಲ. ಶರಣು ಕೂಗುತ್ತಲೇ ಸುರಿಯುತ್ತೀರಿ, ಕೂಗೂ ಸುರಿಯುವುದೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಕೃಷ್ಣ ಹೇಳಿದ್ದು ಇದನ್ನೇ ಇರಬಹುದೇನೋ. ಚಲನ್ ಬರೆಯುವಾಗ ನನಗೆ ಅದು ಇನ್ನೂ ಬಂದಿಲ್ಲ.

ಈಗ ಗೋದಾಮಿನಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಡ್ರೈವರಿನ ಮುಖ ನೋಡಿ ಸಂಖ್ಯೆ ಕೇಳುತ್ತೇನೆ, ಪ್ರಿಂಟ್ ಬಂದ ಮೇಲೆ ಗಟ್ಟಿಯಾಗಿ ಓದುತ್ತೇನೆ, ಅವನು ಹೌದೆಂದರೆ ಸಹಿ. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಾರೆ. ಮಾಲೆ ಹಾಕಿದ ದಿನಗಳಲ್ಲಿ ಎಲ್ಲರನ್ನೂ ಸ್ವಾಮಿ ಎನ್ನುತ್ತೇವಲ್ಲ, ಮುಖ ನೋಡದೆ ಹಾಗೆ ಕರೆಯಲು ಈಗ ನಾಚಿಕೆಯಾಗುತ್ತದೆ. ಮಾಲೆ ಇಳಿಸಿ ಎರಡು ತಿಂಗಳಾದರೆ ಹಳೆಯ ಚಾಳಿ ಮತ್ತೆ ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ನಾಸಿಕ್‌ನ ಡ್ರೈವರ್ ಮಾತ್ರ ಈಗ ಸುಮ್ಮನಿರುವುದಿಲ್ಲ. ಹೋದ ತಿಂಗಳು ಟೇಬಲ್ ತಟ್ಟಿ "ಸ್ವಾಮೀಜಿ, ಇಪ್ಪತ್ತೆರಡು, ಇಪ್ಪತ್ತಲ್ಲ" ಎಂದ.

ಕಳೆದ ಯಾತ್ರೆಯಲ್ಲಿ ಮೆಟ್ಟಿಲು ಎಣಿಸಬೇಕು ಎಂದುಕೊಂಡು ಹೋದೆ. ಮೂರರವರೆಗೆ ಎಣಿಸಿದೆ. ನನ್ನ ಮುಂದೆ ಒಬ್ಬ ಮುದಿ ಸ್ವಾಮಿ ಹತ್ತುತ್ತಿದ್ದರು. ಅವರ ಹಿಮ್ಮಡಿ ಗದ್ದೆಯಂತೆ ಬಿರುಕು ಬಿಟ್ಟಿತ್ತು, ಒಂದು ಬಿರುಕಿಗೆ ಬಟ್ಟೆಯ ಪಟ್ಟಿ ಸುತ್ತಿದ್ದರು, ಅದು ಬಿಚ್ಚಿಕೊಂಡಿತ್ತು. ಯಾರೂ ತುಳಿಯದಿರಲಿ ಎಂದು ಅದನ್ನೇ ನೋಡುತ್ತಾ ಹತ್ತಿದೆ. ಲೆಕ್ಕ ತಪ್ಪಿತು.

ಸ್ವಾಮಿ ಶರಣಂ.