ತಡೆಯುವ ಬೆಳಕು

ತಡೆಯುವವರು ಯಾರು ಎಂದು ಕೇಳದೆ, ತಡೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲಾಗದು. ಶಿವಪುರದಲ್ಲಿ ಬದುಕುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿದ್ದು ಇಲ್ಲೇ. ಬಾವುಟ ಹಾರಿಸಕೂಡದೆಂದು ಸರ್ಕಾರದ ಆಜ್ಞೆಯಿತ್ತು. ಟಿ. ಸಿದ್ದಲಿಂಗಯ್ಯನವರು ಹಾರಿಸಿದರು, ಬಂಧನಕ್ಕೊಳಗಾದರು. ನೆರೆದಿದ್ದ ಸಾವಿರಾರು ಜನ ಕೈಯೆತ್ತಲಿಲ್ಲ. ಅಂದು ಇಲ್ಲಿ ಇದ್ದದ್ದು ಎರಡು ತಡೆ. ಆಜ್ಞೆಯದೊಂದು, ಜನ ತಮಗೆ ತಾವೇ ಹಾಕಿಕೊಂಡದ್ದೊಂದು. ಮೊದಲನೆಯದು ಮುರಿಯಿತು, ಎರಡನೆಯದು ನಿಂತಿತು.

ನನ್ನ ಕಸುಬೂ ತಡೆಯದೇ. ನಾನು ರೆಕಾರ್ಡಿಂಗಿಗೆ ಬೇಕಾದ ಕಂಪ್ರೆಸರ್ ಕಟ್ಟುವವನು. ಧ್ವನಿ ಮಿತಿ ಮೀರಿ ಏರಿದಾಗ ಅದನ್ನು ತಗ್ಗಿಸುವ ಪೆಟ್ಟಿಗೆ ಅದು. ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರನ್ನು ರೆಕಾರ್ಡ್ ಮಾಡುವವರಿಗೆ ಇದಿಲ್ಲದೆ ಆಗದು. ಮಾತಿನಂತೆ ಮೆಲ್ಲಗೆ ಸಾಗುತ್ತಿದ್ದ ಕಥೆ ತಟ್ಟನೆ ಕೂಗಾಗುತ್ತದೆ, ತಂಬೂರಿ, ಡಗ್ಗ, ಗಗ್ಗರ ಎಲ್ಲ ಒಟ್ಟಿಗೆ ಮೇಲೇಳುತ್ತವೆ.

ಮೊದಲು ನಾನು ಕಟ್ಟಿದ್ದು ಬಿಲ್ ಪುಟ್ನಮ್ 1967ರಲ್ಲಿ ತಂದ 1176ರ ಮಾದರಿಯನ್ನು. ಅದರ ಟ್ರಾನ್ಸಿಸ್ಟರ್ 20 ಮೈಕ್ರೋಸೆಕೆಂಡಿನಲ್ಲೇ ಧ್ವನಿಯನ್ನು ಹಿಡಿಯಬಲ್ಲದು. ಬಹಳ ಒಳ್ಳೆಯ ಯಂತ್ರ, ಅನುಮಾನವಿಲ್ಲ. ಆದರೆ ಅದನ್ನು ಬಿಗಿಯಾಗಿಟ್ಟು ಮಾಡಿದ ಮುದ್ರಣವನ್ನು ಕೇಳಿದ ಹಿರಿಯ ನೀಲಗಾರರೊಬ್ಬರು, “ಯಾರೋ ಗಂಟ್ಲು ಅದುಮ್ದಂಗದೆ ಕಣಪ್ಪ” ಎಂದರು.

ಆಮೇಲೆ ಹಿಡಿದದ್ದು ಜಿಮ್ ಲಾರೆನ್ಸ್ ಅವರ ಎಲ್‌ಎ-2ಎ ದಾರಿ. ಅದರಲ್ಲಿ ಧ್ವನಿಯ ಒಂದು ಕವಲು ಪುಟ್ಟ ದೀಪವನ್ನು ಬೆಳಗಿಸುತ್ತದೆ. ದೀಪದ ಎದುರಿಗೆ ಕ್ಯಾಡ್ಮಿಯಂ ಸಲ್ಫೈಡಿನ ಬಿಲ್ಲೆ. ಬೆಳಕು ಬಿದ್ದಷ್ಟೂ ಬಿಲ್ಲೆಯ ರೋಧ ಇಳಿದು, ಧ್ವನಿಯ ಒಂದು ಪಾಲು ಗ್ರೌಂಡಿಗೆ ಹರಿದುಹೋಗುತ್ತದೆ. ಲಾರೆನ್ಸ್ ಬಳಸಿದ ಹಾಳೆಯಂಥ ದೀಪ ನನಗೆ ಸಿಗದು. ಎಲ್‌ಇಡಿಯನ್ನೂ ಬಿಲ್ಲೆಯನ್ನೂ ಎದುರುಬದುರು ಕೂರಿಸಿ, ಕಪ್ಪು ಸ್ಲೀವಿನೊಳಗೆ ತೂರಿಸಿ, ಒಂದು ಕೂದಲೆಳೆಯಷ್ಟೂ ಬೆಳಕು ನುಸುಳದಂತೆ ಬಿಸಿಗಾಳಿಯಲ್ಲಿ ಮುದುಡಿಸುತ್ತೇನೆ.

ಆ ಕತ್ತಲ ಕೊಳವೆಯಲ್ಲಿ ನಡೆಯುವುದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಗಾಯಕನನ್ನು ತಡೆಯುತ್ತಿರುವುದು ಅವನದೇ ಕಸುವು! ಕೂಗು ಎಷ್ಟು ಜೋರೋ ಬೆಳಕು ಅಷ್ಟು, ಬೆಳಕು ಎಷ್ಟೋ ಸಂಯಮ ಅಷ್ಟು.

1176ಕ್ಕೂ ಧ್ವನಿಯೇ ಆಣತಿ ಕೊಡುವುದು, ನಿಜ. ಆದರೆ ಅಲ್ಲಿ ಹಿಡಿದ ಧ್ವನಿಯನ್ನು ಬಿಡುವ ಹೊತ್ತನ್ನು ಗುಂಡಿ ತಿರುಗಿಸಿ ನಾನು ಗೊತ್ತುಮಾಡುತ್ತೇನೆ. ಬಿಲ್ಲೆ ಹಾಗಲ್ಲ. ಎಲ್‌ಎ-2ಎಯಲ್ಲಿ ಅರ್ಧ ಬಿಡುಗಡೆ ಸುಮಾರು 60 ಮಿಲಿಸೆಕೆಂಡಿನಲ್ಲಿ ಆಗುತ್ತದೆ, ಉಳಿದರ್ಧಕ್ಕೆ ಹಲವು ಸೆಕೆಂಡು ಬೇಕಾಗಬಹುದು. ಬಿಲ್ಲೆ ಎಷ್ಟು ಹೊತ್ತು, ಎಷ್ಟು ಬೆಳಕು ಉಂಡಿತ್ತೋ ಅದರ ಮೇಲೆ ಹೋಗುತ್ತದೆ ಅದು. ಬಿಲ್ಲೆಗಳನ್ನು ಜೋಡಿ ಆರಿಸುವ ಮುನ್ನ ನಾನು ಅವನ್ನು ರಾತ್ರಿಯಿಡೀ ಡಬ್ಬಿಯಲ್ಲಿ ಮುಚ್ಚಿಡುವುದೂ ಇದಕ್ಕೇ, ಹಗಲು ಕಂಡ ಬೆಳಕು ಅಳತೆಯನ್ನು ಕೆಡಿಸುತ್ತದೆ.

ಯೋಗಶಾಸ್ತ್ರ ಇಂಥ ಉಳಿಕೆಯನ್ನು ಸಂಸ್ಕಾರ ಎಂದು ಕರೆದು, ಹುರಿದ ಬೀಜದಂತೆ ಮತ್ತೆ ಮೊಳೆಯದ ಹಾಗೆ ಮಾಡಬೇಕು ಎನ್ನುತ್ತದೆ. ದೊಡ್ಡವರ ಮಾತು. ಆದರೂ ನನಗೆ ಒಪ್ಪಿಗೆಯಾಗದು. ಉಳಿಕೆಯೇ ಇಲ್ಲದ ಸಂಯಮ ಪೊಲೀಸಿನವನ ಲಾಠಿಯಂತೆ, ಹಿಂತೆಗೆದೊಡನೆ ಮುಗಿಯಿತು. ಒಳಗಿಂದ ಬಂದದ್ದು ಮಾತ್ರ ತಾನು ಹೊತ್ತ ಭಾರಕ್ಕೆ ತಕ್ಕಂತೆ ನಿಧಾನವಾಗಿ ಸಡಿಲಗೊಳ್ಳುತ್ತದೆ. 1938ರ ಆ ಜನ ಬಾವುಟ ಏರಿದ ಮರುಕ್ಷಣ ತಾಳ್ಮೆಯನ್ನು ಬಿಸಾಡಿ ಮನೆಗೆ ಹೋದರೆಂದು ನಾನು ನಂಬಲಾರೆ.

ಹೀಗಿದ್ದೂ ನನ್ನ ಪೆಟ್ಟಿಗೆಯಲ್ಲಿ, ಧ್ವನಿ ಬಿಲ್ಲೆಯ ಗೊಡವೆಯಿಲ್ಲದೆ ನೇರ ಸಾಗಲು ಒಂದು ಸ್ವಿಚ್ ಇಟ್ಟಿದ್ದೇನೆ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆಂದು ನಮ್ಮ ಮಳವಳ್ಳಿ ಸೀಮೆಯ ಹಲಗೂರಿಗೆ ಹೋಗಿ, ಪಾಂಚಾಳರ ಕೈಲಿ ನೋಯುವ ಭಾಗ ಬಂದಾಗ ಅದನ್ನು ಒತ್ತಿ ಎಂದು ರೆಕಾರ್ಡ್ ಮಾಡುವವರಿಗೆ ಹೇಳುತ್ತೇನೆ. ಮೈಕಿನ ಮಟ್ಟವನ್ನು ಮೊದಲೇ ಸಾಕಷ್ಟು ಇಳಿಸಿಟ್ಟಿದ್ದರೆ ಆ ಕೂಗು ಒಡೆಯದೆ ಪೂರ್ತಿ ಬರುತ್ತದೆ.