ಉತ್ತರಕ್ಕೆ ಸಿಲಬಸ್ ಇಲ್ಲ

ಉತ್ತರ ಕರ್ನಾಟಕದ ಯಾವುದೇ ಸರ್ಕಾರಿ ವೈದ್ಯಕೀಯ ಕಾಲೇಜಿನ ಹೊರರೋಗಿ ವಿಭಾಗದಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ಕಾಣಸಿಗುವ ದೃಶ್ಯವಿದು. ಕೊರಳಲ್ಲಿ ಹೊಸ ಸ್ಟೆತಾಸ್ಕೋಪ್, ಕೈಯಲ್ಲಿ ಪುಟ್ಟ ನೋಟ್‌ಬುಕ್ಕು ಹಿಡಿದ ರಾಜಸ್ಥಾನದ ಹುಡುಗನೊಬ್ಬ ನಿಂತಿರುತ್ತಾನೆ. ನೋಟ್‌ಬುಕ್ಕಿನ ತುಂಬ ದೇವನಾಗರಿಯಲ್ಲಿ ಬರೆದುಕೊಂಡ ಕನ್ನಡ ವಾಕ್ಯಗಳು. “ಅಜ್ಜಿ, ನೋವು ಎಲ್ಲಿದೆ? ಎಷ್ಟು ದಿನದಿಂದ ಇದೆ?” ಎಂದು ತಪ್ಪಿಲ್ಲದೆ ಕೇಳುತ್ತಾನೆ. ಅಜ್ಜಿಗೆ ಜೀವ ಬಂದಂತಾಗುತ್ತದೆ. ತನ್ನ ಮಾತು ಬಲ್ಲ ಡಾಕ್ಟರು ಸಿಕ್ಕರು ಎಂದು ಶುರು ಹಚ್ಚುತ್ತಾಳೆ: “ನಾಕ್ ದಿನಾ ಆತ್ ನೋಡಪ್ಪಾ, ಹೊಟ್ಟಿ ಕಡಿಯಾಕತ್ತೈತಿ, ಊಟ ಸೇರವಲ್ದು, ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರ್ತೈತಿ. ಅಮಾಸಿಗೆ ಮಗಳ ಊರಿಗೆ ಹೋಗಿದ್ದೆ, ಅಲ್ಲಿಂದ ಬಂದಾಗಿಂದ ಹಿಂಗ.” ಹುಡುಗನ ಪೆನ್ನು ‘ನಾಕ್’ ಎಂಬಲ್ಲಿಗೇ ನಿಂತುಬಿಟ್ಟಿದೆ. ಪಕ್ಕದಲ್ಲಿದ್ದ ಆಯಾಳ ಮುಖ ನೋಡುತ್ತಾನೆ. ಆಕೆ “ಪೇಟ್ ದರ್ದ್, ಚಕ್ಕರ್” ಎಂದು ಮೂರೇ ಪದದಲ್ಲಿ ಮುಗಿಸುತ್ತಾಳೆ. ಮಗಳ ಊರು ಕೇಸ್ ಶೀಟಿಗೆ ಬರಲೇ ಇಲ್ಲ. ಅಲ್ಲಿ ಕುಡಿದ ನೀರು ಎಂಥದ್ದು ಎಂದು ಕೇಳುವವರೂ ಇಲ್ಲವಾದರು.

ಆ ಹುಡುಗನನ್ನು ದೂರುವಂತಿಲ್ಲ. ಸರ್ಕಾರಿ ಕಾಲೇಜುಗಳ ಶೇ 15ರಷ್ಟು ಎಂಬಿಬಿಎಸ್ ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ; ಅವನು ಓದಿ, ಪಾಸಾಗಿ, ನ್ಯಾಯವಾಗಿಯೇ ಬಂದವನು. ವ್ಯವಸ್ಥೆಯೂ ಕೈಕಟ್ಟಿ ಕೂತಿಲ್ಲ. 2019ರಲ್ಲಿ ಜಾರಿಗೆ ಬಂದ ಹೊಸ ಎಂಬಿಬಿಎಸ್ ಪಠ್ಯಕ್ರಮ ಮೊದಲ ವರ್ಷದ ಆರಂಭದಲ್ಲೇ ಒಂದು ತಿಂಗಳ ಫೌಂಡೇಶನ್ ಕೋರ್ಸ್ ಇಟ್ಟು, ಸ್ಥಳೀಯ ಭಾಷೆಯ ಕಲಿಕೆಗೂ ಅದರಲ್ಲಿ ಜಾಗ ಕೊಟ್ಟಿತು. ಉದ್ದೇಶ ಸ್ಪಷ್ಟ: ರೋಗಿಯೊಂದಿಗೆ ಮಾತಾಡಲು ಬೇಕಾದಷ್ಟು ಭಾಷೆ. ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಈ ‘ಬೇಕಾದಷ್ಟು’ ಎಂಬುದರಲ್ಲೇ ತಕರಾರಿದೆ. ವಿಶ್ವವಿದ್ಯಾಲಯವೊಂದು ಓದಿಗಾಗಿ, ಉದ್ಯೋಗಕ್ಕಾಗಿ, ಬೇರೆ ಸೀಮೆಯ ಜನರೊಡನೆ ಒಡನಾಟಕ್ಕಾಗಿ ಭಾಷೆ ಕಲಿಸಲು ಹೊರಟಾಗ ಮೊದಲು ಮಾಡುವ ಕೆಲಸ ಕಲಿಯುವವನಿಗೆ ಏನು ಬೇಕು ಎಂದು ಪಟ್ಟಿ ಮಾಡುವುದು. ವೈದ್ಯನಿಗೆ ಇಷ್ಟು ಪ್ರಶ್ನೆ, ಎಂಜಿನಿಯರನಿಗೆ ಇಷ್ಟು ಸೂಚನೆ, ಮ್ಯಾನೇಜರನಿಗೆ ಇಷ್ಟು ಪತ್ರ. ಪಟ್ಟಿ ಎಷ್ಟೇ ಜಾಣತನದ್ದಾಗಿರಲಿ, ಅದರಲ್ಲಿರುವುದೆಲ್ಲ ಕಲಿಯುವವನು ಆಡಬೇಕಾದ ಮಾತು. ಎದುರಿನವರು ಏನು ಹೇಳಬಹುದು ಎಂಬುದು ಅದರಲ್ಲಿ ಇರುವುದಿಲ್ಲ. ಇರಲು ಸಾಧ್ಯವೂ ಇಲ್ಲ. ಆ ಅಜ್ಜಿಯನ್ನು ಯಾರೂ ಸಮಿತಿಗೆ ಕರೆದಿರಲಿಲ್ಲವಲ್ಲ.

ತತ್ತ್ವಶಾಸ್ತ್ರದಲ್ಲಿ ಈ ಪಟ್ಟಿಯ ಭಾಷೆಗೆ ಒಂದು ಪ್ರಸಿದ್ಧ ಮಾದರಿ ಇದೆ. ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ತೀರಿಕೊಂಡ ಮೇಲೆ, 1953ರಲ್ಲಿ ಪ್ರಕಟವಾದ ‘ಫಿಲಸಾಫಿಕಲ್ ಇನ್ವೆಸ್ಟಿಗೇಶನ್ಸ್’ ಕೃತಿಯ ಆರಂಭದಲ್ಲೇ ಒಬ್ಬ ಕಟ್ಟಡ ಕಟ್ಟುವವನು, ಅವನಿಗೊಬ್ಬ ಕೈಯಾಳು ಬರುತ್ತಾರೆ. ಅವರ ಭಾಷೆಯಲ್ಲಿ ನಾಲ್ಕೇ ಪದ: ದಿಮ್ಮಿ, ಕಂಬ, ಚಪ್ಪಡಿ, ತೊಲೆ. ಮೇಸ್ತ್ರಿ ‘ಚಪ್ಪಡಿ’ ಎಂದು ಕೂಗಿದರೆ ಕೈಯಾಳು ಚಪ್ಪಡಿ ತರುತ್ತಾನೆ. ಇದನ್ನೊಂದು ಪೂರ್ಣ ಭಾಷೆ ಎಂದೇ ಕಲ್ಪಿಸಿಕೊಳ್ಳಿ ಎನ್ನುತ್ತಾನೆ ವಿಟ್‌ಗೆನ್‌ಸ್ಟೈನ್. ಒಂದು ಬುಡಕಟ್ಟಿನ ಇಡೀ ಭಾಷೆ ಇಷ್ಟೇ ಆಗಿದ್ದರೂ ಆಗಬಹುದು. ನಿರ್ದಿಷ್ಟ ಉದ್ದೇಶದ ಭಾಷಾ ಕೋರ್ಸಿಗೆ ಇದಕ್ಕಿಂತ ಶುದ್ಧ ನಮೂನೆ ಸಿಗಲಿಕ್ಕಿಲ್ಲ.

ಇದನ್ನು ಒಪ್ಪದವನು ವಿಟ್‌ಗೆನ್‌ಸ್ಟೈನನ ಶಿಷ್ಯ, ಸ್ವಾನ್ಸಿಯಲ್ಲಿ ಪಾಠ ಮಾಡುತ್ತಿದ್ದ ರಷ್ ರೀಸ್. 1959–60ರಲ್ಲಿ ಪ್ರಕಟವಾದ ‘ವಿಟ್‌ಗೆನ್‌ಸ್ಟೈನ್ಸ್ ಬಿಲ್ಡರ್ಸ್’ ಎಂಬ ಪ್ರಬಂಧದಲ್ಲಿ ಆತ ಎತ್ತಿದ ಆಕ್ಷೇಪ ಸರಳ, ಆದರೆ ಬುಡಕ್ಕೇ ಕೈಹಾಕುವಂಥದ್ದು. ಈ ಜನ ಕೆಲಸದ ಹೊತ್ತಿನಲ್ಲಿ ಮಾತ್ರ ಈ ಪದಗಳನ್ನು ಕೂಗುತ್ತಾರೆ, ಮನೆಯಲ್ಲಿ ಮಾತೇ ಇಲ್ಲ ಎಂದಾದರೆ ಅವರು ಮಾತಾಡುತ್ತಿದ್ದಾರೆ ಎನ್ನುವುದಾದರೂ ಹೇಗೆ? ಅದು ಸನ್ನೆಗೆ ಸನ್ನೆ ಕೊಡುವ ಒಂದು ಆಟವಾದೀತು, ಅಷ್ಟೆ. ಒಂದೆಡೆ ಆಡಿದ ಮಾತಿಗೆ ಇನ್ನೊಂದೆಡೆ ಆಡಿದ ಮಾತಿನ ಸಂಬಂಧ ಇದ್ದಾಗ, ಸಂಭಾಷಣೆ ನಡೆದಾಗ ಮಾತ್ರ ಅದು ಭಾಷೆ ಎಂಬುದು ರೀಸನ ವಾದ.

ರೀಸನ ಮಾತನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಆ ನಾಲ್ಕು ಪದದ ಭಾಷೆಯಲ್ಲಿ ಕೈಯಾಳಿಗೆ ಬಾಯೇ ಇಲ್ಲ. ಚಪ್ಪಡಿ ಬಿರುಕು ಬಿಟ್ಟಿದೆ, ಕೆಳಗಿನ ಗೋಡೆ ವಾಲಿದೆ, ಇವತ್ತು ಮಗುವಿಗೆ ಜ್ವರ, ಬೇಗ ಮನೆಗೆ ಹೋಗಬೇಕು ಎಂದು ಅವನು ಹೇಳಲಾರ. ಮೇಸ್ತ್ರಿಯ ದೃಷ್ಟಿಯಿಂದ ಭಾಷೆ ಪರಿಪೂರ್ಣವಾಗಿಯೇ ಇದೆ, ಗೋಡೆ ಬೀಳುವವರೆಗೂ.

ಇಲ್ಲೊಂದು ವಿಚಿತ್ರವಿದೆ. ಅಧಿಕಾರಕ್ಕಾಗಿ, ಕೇವಲ ಕೆಲಸಕ್ಕಾಗಿ ಭಾಷೆ ಕಲಿಸಿದ ಎಷ್ಟೋ ಸಂಸ್ಥೆಗಳು ತಮ್ಮ ಉದ್ದೇಶದ ಗಡಿಯೊಳಗೆ ಉಳಿಯಲೇ ಇಲ್ಲ. 1812ರಲ್ಲಿ ಮದರಾಸಿನಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಶುರುವಾದದ್ದು ಈಸ್ಟ್ ಇಂಡಿಯಾ ಕಂಪನಿಯ ಎಳೆಯ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಲಿಕ್ಕೆ. ಕಂದಾಯ ವಸೂಲಿ, ಕಚೇರಿ, ಕೋರ್ಟು, ಇಷ್ಟಕ್ಕೆ ಸಾಕಾಗುವಷ್ಟು ತಮಿಳು, ತೆಲುಗು, ಕನ್ನಡ. ಜಾನ್ ಮೆಕೆರೆಲ್ಲನ ಕನ್ನಡ ವ್ಯಾಕರಣ 1820ರಲ್ಲಿ ಅಚ್ಚಾದದ್ದು ಆ ಕಾಲೇಜಿನ ಮುದ್ರಣಾಲಯದಲ್ಲೇ. ಆದರೆ ಅದೇ ಕಾಲೇಜಿನ ಹಿಂದಿನ ಶಕ್ತಿಯಾಗಿದ್ದ ಎಫ್. ಡಬ್ಲ್ಯು. ಎಲ್ಲಿಸ್ 1816ರಲ್ಲಿ, ಎ. ಡಿ. ಕ್ಯಾಂಪ್‌ಬೆಲ್ಲನ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ, ಈ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮದೇ ಬೇರಿನ ಒಂದು ಕುಟುಂಬ ಎಂದು ತೋರಿಸಿಕೊಟ್ಟ. ಕಾಲ್ಡ್‌ವೆಲ್ಲನ ಹೆಸರಾಂತ ದ್ರಾವಿಡ ವ್ಯಾಕರಣ ಬಂದದ್ದು 1856ರಲ್ಲಿ, ಅಂದರೆ ನಲವತ್ತು ವರ್ಷ ತಡವಾಗಿ. ತೆರಿಗೆ ಎತ್ತಲು ಕಟ್ಟಿದ ಶಾಲೆಯಿಂದ ದ್ರಾವಿಡ ಭಾಷಾವಿಜ್ಞಾನ ಹೊರಬಂತು.

ಕಾರಣ ಎಲ್ಲಿಸನ ಪ್ರತಿಭೆಯೊಂದೇ ಅಲ್ಲ. ಆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು ನಾಡಿನ ಪಂಡಿತರು. ತೆಲುಗು ಧಾತುಗಳ ಪಟ್ಟಿಯನ್ನು ಪಟ್ಟಾಭಿರಾಮ ಶಾಸ್ತ್ರಿಗಳು ಸಿದ್ಧಪಡಿಸಿರದಿದ್ದರೆ ಎಲ್ಲಿಸನ ವಾದಕ್ಕೆ ಕಾಲೂರಲು ನೆಲವಿರುತ್ತಿರಲಿಲ್ಲ. ತರಗತಿಯಲ್ಲಿ ಉತ್ತರ ಕೊಡಬಲ್ಲವರು, ತಿದ್ದಬಲ್ಲವರು, ಕೇಳದೇ ಇದ್ದುದನ್ನೂ ಹೇಳಬಲ್ಲವರು ಕೂತಿದ್ದರು. ಕೈಯಾಳಿಗೆ ಅಲ್ಲಿ ಬಾಯಿ ಇತ್ತು.

ಸುಮಾರು ಒಂದೂವರೆ ಶತಮಾನದ ಆಚೆ ಇದೇ ಕಥೆ ಅಮೆರಿಕದಲ್ಲಿ ನಡೆಯಿತು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ್ದೇ ತಡ, ಮರುವರ್ಷವೇ ಅಮೆರಿಕ ‘ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ’ ತಂದಿತು. ಭಾಷೆ ಕಲಿಕೆಯೂ ರಕ್ಷಣೆಯ ಬಾಬತ್ತಾಯಿತು. ವಿಶ್ವವಿದ್ಯಾಲಯಗಳಿಗೆ ಹಣ ಹರಿಯಿತು. ಅಮೆರಿಕದ ಗೋಧಿ ಮಾರಾಟದಿಂದ ಭಾರತದಲ್ಲಿ ಜಮೆಯಾಗಿದ್ದ ರೂಪಾಯಿಗಳಲ್ಲಿ ಪಿಎಲ್-480 ಯೋಜನೆ 1962ರಿಂದ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಲ್ಲಿನ ಗ್ರಂಥಾಲಯಗಳಿಗೆ ಕಳಿಸತೊಡಗಿತು. ಕನ್ನಡ ಕಾದಂಬರಿಗಳು ಹಡಗು ಹತ್ತಿದ್ದು ಹೀಗೆ. ರಕ್ಷಣಾ ಕಾಯ್ದೆಯ ನೆರವು ಪಡೆದ ದಕ್ಷಿಣ ಏಷ್ಯಾ ಕೇಂದ್ರ ಶಿಕಾಗೊ ವಿಶ್ವವಿದ್ಯಾಲಯದಲ್ಲಿತ್ತು. ಅಲ್ಲಿಗೆ 1962ರ ಹೊತ್ತಿಗೆ ಪಾಠ ಮಾಡಲು ಬಂದವರು ಮೈಸೂರಿನ ಎ. ಕೆ. ರಾಮಾನುಜನ್. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಅವರು ಪಿಎಚ್.ಡಿ.ಗೆ ಬರೆದದ್ದು ಕನ್ನಡ ವ್ಯಾಕರಣದ ಮೇಲೆ. 1973ರಲ್ಲಿ ಬಂದ ಅವರ ಅನುವಾದ ‘ಸ್ಪೀಕಿಂಗ್ ಆಫ್ ಶಿವ’ ವಚನಗಳನ್ನು ಇಂಗ್ಲಿಷ್ ಓದುಗರ ಮುಂದಿಟ್ಟಿತು. ಶತ್ರುವಿನ ಮೇಲೆ ಕಣ್ಣಿಡಲು ಮಂಜೂರಾದ ಹಣದ ಆಸುಪಾಸಿನಲ್ಲಿ ಬಸವಣ್ಣ, ಅಕ್ಕಮಹಾದೇವಿಯರಿಗೆ ಹೊಸ ಓದುಗರು ಸಿಕ್ಕರು. ವಾಷಿಂಗ್ಟನ್ನಿನ ಯಾವ ಕಡತದಲ್ಲೂ ಈ ಗುರಿ ಬರೆದಿದ್ದಿರಲಾರದು.

ಹಾಗಾದರೆ ಉದ್ದೇಶವನ್ನೇ ಬಿಟ್ಟುಬಿಡಬೇಕೆ? ಪಂಪನನ್ನೋ ಕುಮಾರವ್ಯಾಸನನ್ನೋ ಓದಿದ ಮೇಲೆಯೇ ರೋಗಿಯ ಮೈ ಮುಟ್ಟಬೇಕೆ? ಹಾಗೆನ್ನುವುದು ಸಾಹಿತ್ಯ ವಿಭಾಗದವರ ಹಳೆಯ ಠೀವಿ. ಹಗಲು ಅನಾಟಮಿ, ರಾತ್ರಿ ಫಿಸಿಯಾಲಜಿ ಎಂದು ಒದ್ದಾಡುವ ಹುಡುಗನಿಗೆ ಸಮಯವಿಲ್ಲ. ಕೆಲಸಕ್ಕಾಗಿ ಇಂಗ್ಲಿಷ್ ಬೇಕೆನ್ನುವ ರಾಯಚೂರಿನ ಹುಡುಗಿಗೆ ಷೇಕ್ಸ್‌ಪಿಯರ್ ಬೇಡ. ಉದ್ದೇಶ ಎನ್ನುವುದು ಪ್ರಾಮಾಣಿಕವಾದದ್ದು. ಎಷ್ಟೋ ಸಲ ಬಡವರನ್ನು ಭಾಷೆಯ ಬಾಗಿಲವರೆಗೆ ಕರೆತರುವುದೇ ಅದು.

ಆ ರಾಯಚೂರಿನ ಹುಡುಗಿಯ ಇಂಗ್ಲಿಷ್ ಪಾಠವನ್ನೂ ನೋಡಿ. ‘ಕಮ್ಯುನಿಕೇಶನ್ ಸ್ಕಿಲ್ಸ್’ ಹೆಸರಿನಲ್ಲಿ ಅವಳಿಗೆ ಪರಿಚಯ ಮಾಡಿಕೊಳ್ಳುವ ನಾಲ್ಕು ವಾಕ್ಯ, ರೆಸ್ಯೂಮೆ ಬರೆಯುವ ಕ್ರಮ, ಸೆಮಿನಾರ್ ಮುಗಿಸುವ ಮಾತು ಎಲ್ಲವನ್ನೂ ಬಾಯಿಪಾಠ ಮಾಡಿಸಿರುತ್ತಾರೆ. ಹತ್ತು ನಿಮಿಷದ ಸೆಮಿನಾರನ್ನು ಅವಳು ಎಲ್ಲೂ ತಡವರಿಸದೆ ಒಪ್ಪಿಸುತ್ತಾಳೆ. ಹಿಂದಿನ ಬೆಂಚಿನಿಂದ ಯಾರೋ ಒಂದು ಪ್ರಶ್ನೆ ಕೇಳುತ್ತಾರೆ, ಅದೂ ಸುಲಭದ್ದೇ. ಅಲ್ಲಿಗೆ ಮುಗಿಯಿತು. ವಿಷಯ ಅವಳಿಗೆ ಗೊತ್ತು, ಕನ್ನಡದಲ್ಲಿ ಕೇಳಿದ್ದರೆ ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಿದ್ದಳು. ಕ್ಯಾಂಪಸ್ ಇಂಟರ್‌ವ್ಯೂನಲ್ಲೂ ಹುಡುಗರು ಮುಗ್ಗರಿಸುವುದು ಮೊದಲ ಪ್ರಶ್ನೆಯಲ್ಲಲ್ಲ, ಅವರ ಉತ್ತರದ ಮೇಲೆ ಬರುವ ಎರಡನೆಯ ಪ್ರಶ್ನೆಯಲ್ಲಿ. ರಾಜಸ್ಥಾನದ ಹುಡುಗನಿಗೂ ರಾಯಚೂರಿನ ಹುಡುಗಿಗೂ ಆದ ಅನ್ಯಾಯ ಒಂದೇ: ಆಡುವುದನ್ನು ಕಲಿಸಿದರು, ಆಲಿಸುವುದನ್ನು ಕಲಿಸಲಿಲ್ಲ.

ಓದಿಗೆ ಮಾತ್ರ ಬೇಕಾದ ಭಾಷೆಯ ಮಾತು ಬೇರೆ. ವಿಜಯಪುರದ ಆದಿಲ್‌ಶಾಹಿ ದಾಖಲೆಗಳಿಗಾಗಿ ಪರ್ಶಿಯನ್ ಕಲಿಯುವ ಇತಿಹಾಸ ಸಂಶೋಧಕನಿಗೆ ಆ ಹಾಳೆ ಕಾಯುತ್ತದೆ. ನಿಘಂಟು ತೆಗೆಯಲು ಪುರುಸೊತ್ತು ಕೊಡುತ್ತದೆ. ಅಜ್ಜಿ ಕಾಯುವುದಿಲ್ಲ. ಅವಳ ಹಿಂದೆ ಇನ್ನೂ ಅರವತ್ತು ಜನ ಸಾಲಿನಲ್ಲಿದ್ದಾರೆ.

ಉದ್ದೇಶವನ್ನು ಬಿಡದೆಯೇ ಎದುರಿನವರನ್ನು ಒಳಗೆ ಬಿಟ್ಟುಕೊಳ್ಳಬಹುದು ಎಂಬುದಕ್ಕೆ ಜರ್ಮನಿಯಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ. ಅಲ್ಲಿ ಕೆಲಸ ಮಾಡಬೇಕೆನ್ನುವ ಹೊರದೇಶದ ವೈದ್ಯರು, ಕರ್ನಾಟಕದಿಂದ ಹೋದವರೂ ಸೇರಿ, ವೈದ್ಯಕೀಯ ಭಾಷಾ ಪರೀಕ್ಷೆಯೊಂದನ್ನು ಪಾಸು ಮಾಡಬೇಕು. ಸಾಮಾನ್ಯವಾಗಿ ಇಪ್ಪತ್ತಿಪ್ಪತ್ತು ನಿಮಿಷದ ಮೂರು ಭಾಗ. ಮೊದಲನೆಯದರಲ್ಲಿ ರೋಗಿಯ ಪಾತ್ರ ವಹಿಸಿದವರೊಬ್ಬರು ಎದುರು ಕೂತು ಆಡುಮಾತಿನಲ್ಲಿ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಸುತ್ತಿ ಬಳಸಿ, ಹೆದರಿಕೊಂಡು, ಅರ್ಧಕ್ಕೆ ನಿಲ್ಲಿಸಿ. ಎರಡನೆಯದರಲ್ಲಿ ಅದನ್ನು ಬರಹಕ್ಕಿಳಿಸಬೇಕು. ಮೂರನೆಯದರಲ್ಲಿ ಅದೇ ಕೇಸನ್ನು ಹಿರಿಯ ವೈದ್ಯರ ಮುಂದೆ ಲ್ಯಾಟಿನ್ ಬೇರಿನ ಪಾರಿಭಾಷಿಕ ಪದಗಳಲ್ಲಿ ಮಂಡಿಸಬೇಕು. ಪೂರ್ತಿ ಉದ್ಯೋಗಕ್ಕಾಗಿಯೇ ಇರುವ ಪರೀಕ್ಷೆ. ಕವಿತೆಯ ಸುಳಿವೂ ಇಲ್ಲ. ಆದರೂ ಮೊದಲ ಭಾಗದಲ್ಲಿ ಕಿವಿ ತೆರೆಯದವನು ಮುಂದಿನ ಎರಡನ್ನು ಬರೆಯಲಾರ, ಹೇಳಲಾರ.

ಇದರ ಪಕ್ಕದಲ್ಲಿ ನಮ್ಮ ಏರ್ಪಾಡನ್ನು ಇಟ್ಟು ನೋಡಿದರೆ ಕಸಿವಿಸಿಯಾಗುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುವ ಕನ್ನಡಿಗರಿಗೆ ‘ಸಾಂಸ್ಕೃತಿಕ ಕನ್ನಡ’, ಕನ್ನಡ ಬಾರದವರಿಗೆ ‘ಬಳಕೆ ಕನ್ನಡ’ ಎಂಬ ಒಂದು ಕ್ರೆಡಿಟ್ಟಿನ ವಿಷಯಗಳಿವೆ. ಯೋಚನೆ ಒಳ್ಳೆಯದೇ, ಪುಸ್ತಕವನ್ನೂ ಶ್ರದ್ಧೆಯಿಂದ ಮಾಡಿದ್ದಾರೆ. ಆದರೆ ಬಳಸುವ ಭಾಷೆಯನ್ನು ಅಳೆಯುವುದು ಬಹು ಆಯ್ಕೆಯ ಪ್ರಶ್ನೆಗಳಲ್ಲಿ. ನಾಲ್ಕರಲ್ಲಿ ಸರಿಯಾದುದಕ್ಕೆ ಗುರುತು ಹಾಕಿದವನು ಸೈಟಿನಲ್ಲಿ ಗಾರೆ ಕೆಲಸದವನ ತಕರಾರಿಗೆ ಏನು ಹೇಳಿಯಾನು? ಆ ತಕರಾರು ನಾಲ್ಕು ಆಯ್ಕೆಯಾಗಿ ಬರುವುದಿಲ್ಲ.

ಸಾರ್ವಜನಿಕ ಚರ್ಚೆಯಂತೂ ಇತ್ತ ತಿರುಗಿಯೂ ನೋಡುವುದಿಲ್ಲ. ಪದವಿ ತರಗತಿಗಳಲ್ಲಿ ಕನ್ನಡ ಕಡ್ಡಾಯ ಎಂದು 2021ರಲ್ಲಿ ಸರ್ಕಾರ ಆದೇಶಿಸಿತು, 2022ರಲ್ಲಿ ಹೈಕೋರ್ಟು ಮಧ್ಯಂತರ ಆದೇಶದಲ್ಲಿ ತಡೆಯಿತು. ಪತ್ರಿಕೆ, ಟಿವಿ ತುಂಬ ಕಡ್ಡಾಯವೋ ಐಚ್ಛಿಕವೋ ಎಂಬ ಜಟಾಪಟಿ. ಕಲಿಸುವುದು ಏನನ್ನು, ಹೇಗೆ, ಯಾರಿಂದ ಎಂಬ ಪ್ರಶ್ನೆ ಎರಡೂ ಬಣಕ್ಕೆ ಬೇಕಿರಲಿಲ್ಲ.

ವೈದ್ಯಕೀಯ ಕಾಲೇಜಿನ ಮಟ್ಟಿಗೆ ಉತ್ತರ ಅಷ್ಟು ದೂರದಲ್ಲೂ ಇಲ್ಲ. ಭಾಷೆಯ ಪಾಠ ಮುಗಿಯುವುದು ಮೊದಲ ವರ್ಷದಲ್ಲೇ. ವಾರ್ಡಿನ ಪೋಸ್ಟಿಂಗ್ ಶುರುವಾಗುವುದು ಎರಡನೆಯ ವರ್ಷದಲ್ಲಿ. ಅಷ್ಟರಲ್ಲಿ ನೋಟ್‌ಬುಕ್ಕಿನ ವಾಕ್ಯಗಳು ಮರೆತಿರುತ್ತವೆ. ಆ ಗಂಟೆಗಳಲ್ಲಿ ಅರ್ಧವನ್ನಾದರೂ ವಾರ್ಡಿಗೆ ಎತ್ತಿಕೊಂಡು ಹೋಗಬಹುದು. ಪಾಠಕ್ಕೆ ಕನ್ನಡ ಮೇಷ್ಟ್ರ ಜೊತೆ, ದಿನಕ್ಕೆ ನೂರು ಸಲ ಪುಕ್ಕಟೆ ದುಭಾಷಿ ಕೆಲಸ ಮಾಡುವ ಆಯಾಗಳನ್ನೂ ಗೌರವಧನ ಕೊಟ್ಟು ಕೂರಿಸಬಹುದು. ‘ಹೊರಗಾಗಿದೀನಿ’ ಎಂದು ಹೆಂಗಸೊಬ್ಬಳು ದನಿ ತಗ್ಗಿಸಿ ಹೇಳಿದಾಗ ಅದು ಮುಟ್ಟಿನ ಮಾತು ಎಂದು ತಿಳಿಸಿಕೊಡಬಲ್ಲವರು, ಮಂಗಳೂರಿನ ರೋಗಿಯೂ ಚಾಮರಾಜನಗರದ ರೋಗಿಯೂ ಒಂದೇ ನೋವನ್ನು ಬೇರೆ ಬೇರೆ ರೀತಿ ಹೇಳುತ್ತಾರೆಂದು ಬಲ್ಲವರು ಅವರೇ.

ಪರೀಕ್ಷೆಗೂ ಹೊಸದೇನನ್ನೂ ಹುಡುಕಬೇಕಿಲ್ಲ. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡೆನ್ 1975ರಲ್ಲಿ ಮೊದಲು ಪ್ರಕಟಿಸಿದ ‘ಆಸ್ಕಿ’ (OSCE) ಎಂಬ ಪ್ರಾಯೋಗಿಕ ಪರೀಕ್ಷಾ ಪದ್ಧತಿ ಇವತ್ತು ನಮ್ಮ ಮೆಡಿಕಲ್ ಕಾಲೇಜುಗಳಲ್ಲೂ ಬಳಕೆಯಲ್ಲಿದೆ. ವಿದ್ಯಾರ್ಥಿ ಒಂದರ ಮೇಲೊಂದು ಸ್ಟೇಷನ್ನಿಗೆ ಹೋಗುತ್ತಾನೆ, ಪ್ರತಿಯೊಂದರಲ್ಲಿ ಐದಾರು ನಿಮಿಷದ ಒಂದು ಕೆಲಸ. ಅದರಲ್ಲೊಂದು ಸ್ಟೇಷನ್ನಿನಲ್ಲಿ ಊರಿನ ಹೆಂಗಸೊಬ್ಬಳನ್ನು ಕೂರಿಸಿ, ತನ್ನ ಹೊಟ್ಟೆನೋವನ್ನು ತನಗೆ ತೋಚಿದಂತೆ ಹೇಳಲು ಬಿಟ್ಟರಾಯಿತು. ಹುಡುಗ ಕೇಳಿದ ಮೊದಲ ಪ್ರಶ್ನೆಗೆ ಅಂಕ ಬೇಡ, ಅದನ್ನು ಅವನು ಉರು ಹೊಡೆದೇ ಬಂದಿರುತ್ತಾನೆ. ಅಂಕ ಕೊಡಬೇಕಾದದ್ದು ಅವಳ ಉತ್ತರ ಕೇಳಿಸಿಕೊಂಡು ಅವನು ಕೇಳುವ ಎರಡನೆಯ ಪ್ರಶ್ನೆಗೆ: ಮಗಳ ಊರು ಯಾವುದು, ಅಲ್ಲಿ ಕುಡಿಯೋ ನೀರು ಎಲ್ಲಿಂದ ತರ್ತಾರೆ?