ಬಾವಿಕಟ್ಟೆಯ ಮೇಲೆ ನಿಂತವರು

ನನ್ನ ತವರುಮನೆ ಇರುವುದು ಕೊಪ್ಪದ ಹತ್ತಿರದ ಒಂದು ಹಳ್ಳಿಯಲ್ಲಿ. ಮನೆಯ ಹಿಂದೆ ಅಡಿಕೆ ತೋಟ, ತೋಟದ ಮೇಲಂಚಿನಲ್ಲಿ ಒಂದು ಹಳೆಯ ಬಾವಿ. ಈಗ ಅದರ ಬಾಯಿಗೆ ಕಾಂಕ್ರೀಟು ಹಲಗೆ ಬಿದ್ದಿದೆ. ತವರಿಗೆ ಹೋದಾಗಲೆಲ್ಲ ತೋಟವನ್ನು ಒಂದು ಸುತ್ತು ಹಾಕಿ ಬರುವ ನಾನು ಆ ಮೂಲೆಗೆ ಮಾತ್ರ ಹೋಗುವುದಿಲ್ಲ.

1973ರ ಬೇಸಿಗೆ. ನನಗಾಗ ಹತ್ತು ವರ್ಷ. ಹೊಸ ಬಾವಿಯ ನೀರು ತಳ ಕಂಡಿತ್ತೆಂದು, ಎರಡು ವರ್ಷ ಬಳಸದೆ ಮರದ ಹಲಗೆ ಮುಚ್ಚಿಟ್ಟಿದ್ದ ಹಳೆಯ ಬಾವಿಯ ಹೂಳು ತೆಗೆಸಲು ಅಪ್ಪಯ್ಯ ನಿಶ್ಚಯಿಸಿದರು. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಅಣ್ಣತಮ್ಮಂದಿರಿಬ್ಬರು ಬಂದರು. ಅಣ್ಣ ಹಗ್ಗ ಹಿಡಿದು ಇಳಿದ. ತಳ ಮುಟ್ಟಿ ಬಾಗಿದವನು ಮತ್ತೆ ನೆಟ್ಟಗಾಗಲಿಲ್ಲ. ತಮ್ಮ ಮೇಲಿನಿಂದ ಎರಡು ಸಲ ಕೂಗಿದ. ಉತ್ತರ ಬರದಿದ್ದಾಗ ತಾನೂ ಸರಸರನೆ ಇಳಿದುಬಿಟ್ಟ. ಅವನ ದನಿಯೂ ನಿಂತುಹೋಯಿತು.

ಅಪ್ಪಯ್ಯ ಓಡಿ ಬಂದು ಪಂಚೆ ಎತ್ತಿಕಟ್ಟಿ ಹಗ್ಗಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಅಡಿಗೆಮನೆಯಿಂದ ಬಂದ ಅಮ್ಮ ಹಿಂದಿನಿಂದ ಅವರ ಸೊಂಟವನ್ನು ಎರಡೂ ಕೈಯಿಂದ ತಬ್ಬಿ ಹಿಡಿದುಕೊಂಡಳು. ಅಪ್ಪಯ್ಯ ಬೈದರು, ಕೊಸರಿಕೊಂಡರು, ಒಮ್ಮೆ ಮೊಣಕೈಯಿಂದ ತಳ್ಳಿಯೂಬಿಟ್ಟರು. ಅಮ್ಮ ಬಿಡಲಿಲ್ಲ. ಆಚೀಚೆ ಮನೆಯವರು ಹಗ್ಗ, ಕೊಕ್ಕೆ ಹಿಡಿದು ಬಂದು ಇಬ್ಬರನ್ನೂ ಮೇಲೆತ್ತುವಾಗ ಎಲ್ಲ ಮುಗಿದಿತ್ತು.

ಊರು ಮಾತಾಡಿತು. ತನ್ನ ತಾಳಿ ಉಳಿಸಿಕೊಂಡಳು, ಬೇರೆಯವರದ್ದು ಹೋದರೇನಂತೆ ಎಂದರು. ಅಮ್ಮ ಯಾರಿಗೂ ಎದುರಾಡಲಿಲ್ಲ. ಅಪ್ಪಯ್ಯ ಆ ದಿನದ ಬಗ್ಗೆ ಸಾಯುವತನಕ ಮಾತೆತ್ತಲಿಲ್ಲ. ನಾನು ಮಾತ್ರ ದೊಡ್ಡವಳಾಗುತ್ತ ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿಕೊಳ್ಳುತ್ತಿದ್ದೆ: ಕಣ್ಣೆದುರು ಒಬ್ಬ ಸಾಯುತ್ತಿರುವಾಗ ಇಳಿಯದೆ ನಿಲ್ಲುವುದು ಹೇಡಿತನವಲ್ಲವೆ?

ಇದಕ್ಕೆ ಒಂದು ಉತ್ತರ ಬಂದದ್ದು ನಾನು ಎಣಿಸಿಯೂ ಇರದ ದಿಕ್ಕಿನಿಂದ. ನರಸಿಂಹರಾಜಪುರದಲ್ಲಿರುವ ನನ್ನ ತಂಗಿಯ ಮಗ ತೈಲ ಸಾಗಿಸುವ ಹಡಗಿನಲ್ಲಿ ಅಧಿಕಾರಿ. ಭದ್ರೆಯ ಹಿನ್ನೀರು ಬಿಟ್ಟರೆ ಬೇರೆ ದೊಡ್ಡ ನೀರನ್ನೇ ಕಾಣದೆ ಬೆಳೆದ ಹುಡುಗ ಸಮುದ್ರದ ಪಾಲಾದನಲ್ಲ ಎಂದು ನಾವು ತಮಾಷೆ ಮಾಡುವುದುಂಟು. 2017ರ ದೀಪಾವಳಿಗೆ ರಜೆಯಲ್ಲಿ ಬಂದವನು ಜಗಲಿಯಲ್ಲಿ ಕುಳಿತು ತನ್ನ ಕೆಲಸದ ವಿಷಯ ಹೇಳುತ್ತಿದ್ದ. ಅಮ್ಮ ಬತ್ತಿ ಹೊಸೆಯುತ್ತ ಕೇಳುತ್ತಿದ್ದಳು.

ತೈಲ ಇಳಿಸಿದ ಮೇಲೆ, ಬೇರೆ ಸರಕು ತುಂಬುವ ಮೊದಲು ಅಥವಾ ದುರಸ್ತಿಗೆ ಹೋಗುವ ಮೊದಲು, ಹಡಗಿನ ಟ್ಯಾಂಕುಗಳನ್ನು ತೊಳೆಯಬೇಕಂತೆ. ಒಂದೊಂದು ಟ್ಯಾಂಕೂ ನಮ್ಮ ದೇವಸ್ಥಾನದ ಗೋಪುರವೇ ಒಳಗೆ ನಿಲ್ಲುವಷ್ಟು ಆಳ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಹೆಚ್ಚು ಅಪಾಯ ಎಂದ. 1969ರ ಡಿಸೆಂಬರಿನಲ್ಲಿ ಮಾರ್ಪೆಸ್ಸಾ, ಮ್ಯಾಕ್ಟ್ರಾ, ಕಾಂಗ್ ಹಾಕೋನ್ ಎಂಬ ಮೂರು ದೈತ್ಯ ಹಡಗುಗಳು ಖಾಲಿ ಟ್ಯಾಂಕು ತೊಳೆಯುತ್ತಿರುವಾಗಲೇ ಸಿಡಿದವು. ಮೊದಲನೆಯದು ಮುಳುಗಿಯೇ ಹೋಯಿತು. ಜೋರಾಗಿ ಚಿಮ್ಮುವ ನೀರಿನ ತುಂತುರಿನಲ್ಲೇ ವಿದ್ಯುತ್ತು ಹುಟ್ಟಿ, ಅದರ ಕಿಡಿ ತೈಲದ ಆವಿಗೆ ತಾಗಿತೆಂದು ತಿಳಿದವರು ಲೆಕ್ಕ ಹಾಕಿದರು. ಅದಾದ ಮೇಲೆ ಹಡಗಿನ ಬಾಯ್ಲರಿನ ಹೊಗೆಯನ್ನೇ ತೊಳೆದು ತಣಿಸಿ ಟ್ಯಾಂಕಿಗೆ ತುಂಬುವ ಪದ್ಧತಿ ವ್ಯಾಪಕವಾಯಿತು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡ 21ರಷ್ಟಿದ್ದರೆ, ಆ ಟ್ಯಾಂಕಿನಲ್ಲಿ ಅದು ಶೇಕಡ 8ನ್ನು ಮೀರಬಾರದು. ಆಮ್ಲಜನಕವಿಲ್ಲದೆ ಬೆಂಕಿ ಹತ್ತುವುದಿಲ್ಲ.

"ಆದರೆ ದೊಡ್ಡಮ್ಮ, ಹಡಗನ್ನು ಉಳಿಸುವ ಆ ಗಾಳಿಯೇ ಮನುಷ್ಯನನ್ನು ಕೊಲ್ಲುತ್ತದೆ. ನಾಲ್ಕು ಉಸಿರು ಎಳೆಯುವಷ್ಟರಲ್ಲಿ ಬಿದ್ದುಬಿಡುತ್ತಾನೆ. ಕೂಗುವುದಕ್ಕೂ ಪುರುಸೊತ್ತಿರುವುದಿಲ್ಲ" ಎಂದ.

ಅದಕ್ಕಾಗಿ ಮನುಷ್ಯ ಇಳಿಯುವ ಮೊದಲು ಹೊರಗಿನ ಗಾಳಿಯನ್ನು ಒಳಗೆ ಊದಿ, ಯಂತ್ರವನ್ನು ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಅಳೆದು, ಆಮ್ಲಜನಕ 21ಕ್ಕೆ ಬಂದಿದೆಯೆ, ವಿಷದ ಗಾಳಿ ಇಲ್ಲವೆ ಎಂದು ನೋಡುತ್ತಾರೆ. ಜವಾಬ್ದಾರಿ ಹೊತ್ತ ಅಧಿಕಾರಿ ಕಾಗದದ ಮೇಲೆ ಸಹಿ ಹಾಕಬೇಕು. ಟ್ಯಾಂಕಿನ ಬಾಯಿಯ ಹತ್ತಿರ ಒಬ್ಬ ನಿಂತಿರಲೇಬೇಕು. ಒಳಗಿದ್ದವನು ಬಿದ್ದರೆ ಮೇಲಿದ್ದವನು ಇಳಿಯಕೂಡದು. ಕೂಗಿ ಸುದ್ದಿ ಮುಟ್ಟಿಸಬೇಕು. ಉಸಿರಿನ ಸಿಲಿಂಡರು ಬೆನ್ನಿಗೆ ಕಟ್ಟಿಕೊಂಡವರು ಬಂದು ಇಳಿಯುತ್ತಾರೆ. 2015ರಿಂದ ಇದರ ತಾಲೀಮನ್ನು ಎರಡು ತಿಂಗಳಿಗೊಮ್ಮೆ ಮಾಡಲೇಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ.

ಅಮ್ಮನ ಕೈಯ ಬತ್ತಿ ನಿಂತಿತು. "ಇಳಿಯಬಾರದು ಅಂತ ಬರೆದೇ ಇಟ್ಟಿದಾರಾ ಮಗಾ?" ಎಂದು ಕೇಳಿದಳು.

"ಹೌದು ಅಜ್ಜಿ. ಅವನ ಸ್ವಂತ ತಮ್ಮನೇ ಒಳಗಿದ್ದರೂ ಇಳಿಯಬಾರದು. ಹಾಗೆ ಇಳಿದು ಸತ್ತವರು ಎಷ್ಟೋ ಜನ."

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನನ್ನ ಅಮ್ಮ ಬಾವಿಕಟ್ಟೆಯಲ್ಲಿ ಮಾಡಿದ್ದನ್ನೇ ಪ್ರಪಂಚದ ಹಡಗುಗಳೆಲ್ಲ ಸರಿಯೆಂದು ಒಪ್ಪಿವೆ! ಆ ರಾತ್ರಿ ಮಲಗುವಾಗ ಹಾಗೆಂದೇ ಅಮ್ಮನಿಗೆ ಹೇಳಿದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, ನಾನು ಅಲ್ಲಿಯವರೆಗೆ ಕೇಳಿರದ ಒಂದು ಸಂಗತಿ ಹೇಳಿದಳು.

ಆ ತಮ್ಮನ ಹೆಂಡತಿ ಗಂಡ ಹೋದ ಮೇಲೆ ಶೃಂಗೇರಿ ಕಡೆಯ ತನ್ನ ತವರಿಗೆ ಹೋಗಿ ನಿಂತಳು. ಅಮ್ಮ ವರ್ಷಕ್ಕೊಮ್ಮೆ ನವರಾತ್ರಿಗೆ ಶಾರದಮ್ಮನ ದರ್ಶನಕ್ಕೆ ಹೋದಾಗ ಅವಳನ್ನು ಕಂಡು, ಕೈಲಾದದ್ದು ಕೊಟ್ಟು ಬರುತ್ತಿದ್ದಳು. ಒಂದು ವರ್ಷ ಇಬ್ಬರೂ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನಿಗೆ ಪುರಿ ಹಾಕುತ್ತಿದ್ದಾಗ ಅವಳು, ಸಿಟ್ಟಿಲ್ಲದೆ, ಹಾಗೇ ನೀರು ನೋಡುತ್ತ ಅಂದಳಂತೆ: "ಅಮ್ಮಾ, ನಿಮ್ಮೋರನ್ನ ಹಿಡ್ಕಂಡ್ರಿ. ನಮ್ಮೋರನ್ನೂ ಒಂಚೂರು ಹಿಡ್ಕಳ್ಳೋರು ಯಾರಾದ್ರೂ ಇದ್ದಿದ್ರೆ."

"ಅವನು ಇಳಿಯುವಾಗ ನಾನು ಅಡಿಗೆಮನೆ ಕಿಟಕಿಯಿಂದ ನೋಡಿದ್ದೆ ಕಣೆ," ಎಂದಳು ಅಮ್ಮ. "ಇಳೀಬೇಡ ಅಂತ ಕೂಗಬೇಕು ಅನ್ನಿಸಲಿಲ್ಲ. ನಿಮ್ಮಪ್ಪಯ್ಯ ಹಗ್ಗ ಮುಟ್ಟಿದಾಗ ಮಾತ್ರ ಕಾಲು ತಾನಾಗಿ ಓಡಿತು."

ಆ ಮಾತಿನ ಮುಂದೆ ನನ್ನ ಹಡಗಿನ ಸಮಾಧಾನ ನಿಲ್ಲಲಿಲ್ಲ. ಅಮ್ಮ ಹಿಡಿದದ್ದು ತಪ್ಪಲ್ಲ ಎಂದು ಈಗಲೂ ನಂಬುತ್ತೇನೆ; ಅಪ್ಪಯ್ಯ ಇಳಿದಿದ್ದರೆ ಎರಡು ಹೆಣದ ಜೊತೆಗೆ ಮೂರನೆಯದು. ಆದರೆ ಪ್ರೀತಿಯ ಕೈ ತನ್ನವರನ್ನು ಮಾತ್ರ ಹಿಡಿಯುತ್ತದೆ. ಹಡಗಿನ ಆ ನಿಯಮ ಯಾರ ಗಂಡ, ಯಾರ ಮಗ ಎಂದು ಕೇಳದೆ ಹಿಡಿಯುತ್ತದೆ. ನಿಯಮವೆಂದರೆ ಹೃದಯವಿಲ್ಲದ್ದು ಎಂದು ನಾವು ಹೆಂಗಸರು ಅನ್ನುವುದುಂಟು. ಈ ಒಂದು ವಿಷಯದಲ್ಲಿ ಅದು ನಮ್ಮ ಹೃದಯಕ್ಕಿಂತ ದೊಡ್ಡದಾಗಿದೆ ಎಂದು ನನಗನ್ನಿಸುತ್ತದೆ.

ಅಭಿಮನ್ಯುವಿನ ಕತೆ ಕೇಳಿ ಅಳದವರಿಲ್ಲ. ಅವನಿಗೆ ಚಕ್ರವ್ಯೂಹದ ಒಳಗೆ ಹೋಗಲು ಗೊತ್ತಿತ್ತು, ಹೊರಗೆ ಬರಲು ಗೊತ್ತಿರಲಿಲ್ಲ. ಅದನ್ನು ಅವನು ಮೊದಲೇ ಹೇಳಿಯೂ ಇದ್ದ. ಆದರೂ ಹೋಗು ಎಂದವನು ಧರ್ಮರಾಯ. ನಾವು ಹುಡುಗನ ಶೌರ್ಯವನ್ನು ಹಾಡುತ್ತೇವೆ. ಕಳಿಸಿದವರ ಲೆಕ್ಕ ಕೇಳುವುದು ಕಡಿಮೆ. ನಮ್ಮ ಬಾವಿಗೂ ಇದೇ ಮಾತು. ಕೊಳೆತ ಎಲೆ, ಹೂಳು ತುಂಬಿ ಮುಚ್ಚಿಟ್ಟ ಬಾವಿಯಲ್ಲಿ ಆಮ್ಲಜನಕ ಕರಗಿ, ಗಾಳಿಗಿಂತ ಭಾರವಾದ ಇಂಗಾಲದ ಡೈ ಆಕ್ಸೈಡು ತಳದಲ್ಲಿ ಕೂತಿರುತ್ತದೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡು, ಆರಿದರೆ ಇಳಿಯಬೇಡ ಎಂದು ಹಿರಿಯರೇ ಹೇಳುತ್ತಿದ್ದರು. ದೀಪಕ್ಕೆ ತಿಳಿಯದ ವಿಷಗಾಳಿಗಳೂ ಇವೆ. ಬೆಂಕಿ ಹತ್ತುವ ಗಾಳಿ ಇದ್ದಲ್ಲಿ ದೀಪವೇ ಅಪಾಯ. ಆದರೂ ಅಂದು ಆ ದೀಪವನ್ನೂ ಯಾರೂ ಇಳಿಸಲಿಲ್ಲ. ಇಳಿಯುವವನು ನಮ್ಮ ಮನೆಯ ಮಗನಾಗಿದ್ದರೆ ಮರೆಯುತ್ತಿದ್ದೆವೆ?

ಅಮ್ಮ 2020ರಲ್ಲಿ ತೀರಿಕೊಂಡಳು. ಎರಡು ವರ್ಷದ ನಂತರ, 2022ರ ಏಪ್ರಿಲಿನಲ್ಲಿ, ಮಂಗಳೂರಿನ ವಿಶೇಷ ಆರ್ಥಿಕ ವಲಯದ ಒಂದು ಮೀನಿನ ಕಾರ್ಖಾನೆಯಲ್ಲಿ ತ್ಯಾಜ್ಯದ ತೊಟ್ಟಿಗೆ ಇಳಿದವನೊಬ್ಬ ಬಿದ್ದ. ಎತ್ತಲು ಹೋದವರೂ ಬಿದ್ದರು. ಸತ್ತವರು ಐವರು, ಎಲ್ಲರೂ ಬಂಗಾಳದಿಂದ ಹೊಟ್ಟೆಪಾಡಿಗೆ ಬಂದವರು. ಪತ್ರಿಕೆ ಓದುತ್ತ ನನಗೆ ನಮ್ಮ ಬಾವಿಯೇ ಕಂಡಿತು. ಇಲ್ಲಿಂದ ಘಟ್ಟ ಇಳಿದರೆ ಸಿಗುವ ಅದೇ ಮಂಗಳೂರಿನ ಸಂಸ್ಕರಣಾಗಾರಕ್ಕೆ ಕಚ್ಚಾ ತೈಲ ಹಡಗಿನಲ್ಲಿ ಬರುತ್ತದೆ. ಹಡಗಿನಲ್ಲಿ ಗೊತ್ತಿರುವ ಪಾಠ ದಡಕ್ಕೆ ಇಳಿಯಲಿಲ್ಲ.

ನಮ್ಮ ಪೇಟೆಮನೆಗಳಿಗೂ ಇಳಿದಿಲ್ಲ. ಶೌಚದ ಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದು 2013ರ ಕಾನೂನಿನಂತೆ ಅಪರಾಧ. ಹಾಗೆ ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆ ಗುಂಡಿಯ ಕೊಳೆತ ಮೊಟ್ಟೆಯ ವಾಸನೆಯ ಗಾಳಿ ಹೆಚ್ಚಾದರೆ ಮೂಗೇ ಸೋತು ವಾಸನೆ ತಿಳಿಯುವುದಿಲ್ಲ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದುಕೊಂಡವನು ಅಲ್ಲೇ ಬೀಳುತ್ತಾನೆ. ಮುಖಕ್ಕೆ ಕಟ್ಟಿದ ಬಟ್ಟೆ ಇಲ್ಲದ ಆಮ್ಲಜನಕವನ್ನು ತಂದುಕೊಡುವುದಿಲ್ಲ. ಇದನ್ನೆಲ್ಲ ನಾವು ತಿಳಿದಿರಬೇಕು. ಏಕೆಂದರೆ ಗಂಡಸರು ಕೆಲಸಕ್ಕೆ ಹೋದ ಮೇಲೆ, ಗುಂಡಿ ತೋರಿಸಿ "ಇಷ್ಟಕ್ಕೆ ಎಷ್ಟಪ್ಪಾ?" ಎಂದು ಚೌಕಾಸಿ ಮಾಡುವವರು ನಾವೇ.

ಕಳೆದ ಬೇಸಿಗೆಯಲ್ಲಿ ಕೊಪ್ಪ ಪೇಟೆಯ ನಮ್ಮ ಮನೆಯ ನೀರಿನ ಸಂಪು ತೊಳೆಸಬೇಕಿತ್ತು. ಬಂದ ಹುಡುಗ ಮುಚ್ಚಳ ತೆಗೆದವನೇ ಇಳಿಯಲು ಹೊರಟ. ನಾನು ಬೇಡವೆಂದೆ. ಒಂದು ಹಗಲು ಮುಚ್ಚಳ ತೆರೆದಿರಲಿ, ಫ್ಯಾನಿನ ಗಾಳಿ ಹೋಗಲಿ, ನಾಳೆ ಇನ್ನೊಬ್ಬನನ್ನು ಜೊತೆಗೆ ಕರೆದುಕೊಂಡು ಬಾ ಎಂದೆ. "ಏನಾಗಲ್ಲ ಬಿಡಿ ಅಮ್ಮಾ, ದಿನಾ ಇದೇ ಕೆಲಸ" ಎಂದು ನಕ್ಕ. ಅವನ ಒಂದು ದಿನದ ಕೂಲಿ ಹೋಗುತ್ತಿತ್ತು. ಅದು ನನ್ನ ಲೆಕ್ಕಕ್ಕೆ ಎಂದ ಮೇಲೆ ಒಪ್ಪಿದ.

ಮಾರನೆಯ ದಿನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಜೊತೆಗೆ ಬಂದವನು ಹಗ್ಗದ ತುದಿ ಹಿಡಿದು ಮೇಲೆ ನಿಂತ. ಕೆಲಸ ಮುಗಿಯುವವರೆಗೆ ನಾನೂ ಅವನ ಪಕ್ಕದಲ್ಲೇ ನಿಂತಿದ್ದೆ. ಒಲೆಯ ಮೇಲಿಟ್ಟಿದ್ದ ಸಾರು ಸೀದುಹೋಯಿತು.